123456 ಎಂಬ ಊರಿನ ಶಂಕ್ರಮ್ಮ

ಕಮಲಾಪುರದ ಬಸ್ ನಿಲ್ದಾಣದ ಎದುರಿಗೆ ಒಂದು ಚಹಾದಂಗಡಿ, ಒಂದು ಪಂಚರ್ ಅಂಗಡಿ. ಎರಡರ ನಡುವಿನ ಎಂಟಡಿ ಅಗಲದ ಮಳಿಗೆಯಲ್ಲಿ ಶಂಕ್ರಮ್ಮ ಹದಿನೇಳು ವರ್ಷದಿಂದ ಊರಿನವರ ಅರ್ಜಿ ತುಂಬುತ್ತಿದ್ದಾಳೆ. ಬೋರ್ಡಿನ ಮೇಲೆ 'ಮಾತೋಶ್ರೀ ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್' ಎಂದಿದೆ. ಮಂದಿ ಮಾತ್ರ 'ಫಾರ್ಮ್ ಅಕ್ಕನ ಅಂಗಡಿ' ಎನ್ನುತ್ತಾರೆ.

ಅವಳು ಹುಟ್ಟಿದ್ದು ಕಲಬುರಗಿಯ ಬ್ರಹ್ಮಪುರದಲ್ಲಿ. ತಂದೆ ಅಣವೀರಪ್ಪ ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ಅರ್ಜಿಯಲ್ಲಿ ಕಣ್ಣೀರು ಹಾಕಬಾರದು, ವಿಳಾಸ ಹಾಕಬೇಕು ಎಂದು ಮಗಳಿಗೆ ಹೇಳಿಕೊಟ್ಟಿದ್ದರು. ಹದಿನಾರಕ್ಕೆ ಟೈಪಿಂಗ್ ಕಲಿತಳು. ಇಪ್ಪತ್ತೊಂದಕ್ಕೆ ಕಮಲಾಪುರದ ಶಿವಲಿಂಗನನ್ನು ಮದುವೆಯಾಗಿ ಬಂದಳು. ಅವನಿಗೆ ಮೂರೆಕರೆ ಹೊಲ, ಅದರಲ್ಲಿ ಕೆಂಪು ಬಾಳೆ. ಅವನು ತೋಟ ನೋಡಿಕೊಂಡ, ಇವಳು ಅಂಗಡಿ ಇಟ್ಟಳು.

ಅರ್ಜಿ ತುಂಬುವುದು ಬೆರಳಿನ ಕೆಲಸ ಎಂದುಕೊಂಡವರಿಗೆ ಶಂಕ್ರಮ್ಮ ಗೊತ್ತಿಲ್ಲ. ಯಾರ ಆಧಾರದಲ್ಲಿ ಅಪ್ಪನ ಹೆಸರಿಗೆ ಒಂದು 'ಪ್ಪ' ಕಡಿಮೆ ಇದೆ, ಯಾರ ಮಾರ್ಕ್ಸ್ ಕಾರ್ಡಿನಲ್ಲಿ ಹುಟ್ಟಿದ ದಿನ ಫೆಬ್ರುವರಿ ಮೂವತ್ತು ಎಂದಿದೆ, ಎಲ್ಲ ಅವಳ ತಲೆಯಲ್ಲಿತ್ತು. ಸುಳ್ಳು ವಿವರ ಮಾತ್ರ ಬರೆಯುತ್ತಿರಲಿಲ್ಲ. ಸುಳ್ಳು ಬರೆಸಲು ಬಂದವರಿಗೆ ನೀರು ಕೊಟ್ಟು ಕಳಿಸುತ್ತಿದ್ದಳು.

ಎರಡು ವರ್ಷದ ಹಿಂದೆ, ಕಲಬುರಗಿಯ ಒಂದು ಸಣ್ಣ ಕಂಪನಿ 'ಕೆಂಬಾಳೆ' ಎಂಬ ಆ್ಯಪ್ ತಂದಿತು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬೆಳೆಗಾರರೇ ಪೆಟ್ಟಿಗೆ ಮಾಡಿ ದೂರದೂರಿನ ಮನೆಗಳಿಗೆ ಕಳಿಸಬಹುದು ಎಂಬುದು ಅದರ ಯೋಜನೆ. ಮೊದಲ ದಿನ ಬೆಳಿಗ್ಗೆಯೇ ನಿಂಗಣ್ಣ ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಳಿತ. ಅರವತ್ತು ದಾಟಿದ, ಊರಿನಲ್ಲೇ ದೊಡ್ಡ ಬಾಳೆ ತೋಟದವನು. ಶಂಕ್ರಮ್ಮ ಹೆಸರು ಹಾಕಿದಳು, ಸರ್ವೆ ನಂಬರ್ ಹಾಕಿದಳು. ಪಿನ್ ಕೋಡ್ ಚೌಕದಲ್ಲಿ 585313 ಎಂದು ಒತ್ತಿದಳು. ಚೌಕ ಕೆಂಪಾಯಿತು. ಅದರ ಕೆಳಗೆ ಒಂದು ಸಾಲು ಮೂಡಿತು: 'ಇಂಥ ಪಿನ್ ಕೋಡ್ ಇರಲು ಸಾಧ್ಯವಿಲ್ಲ.'

ಮತ್ತೊಮ್ಮೆ ಹಾಕಿದಳು. ಸಾಧ್ಯವಿಲ್ಲ. ಕನ್ನಡಕ ಒರೆಸಿಕೊಂಡು ಹಾಕಿದಳು. ಆಗಲೂ ಸಾಧ್ಯವಾಗಲಿಲ್ಲ.

"ಏನಂತದವಾ?" ಎಂದ ನಿಂಗಣ್ಣ.

"ನಮ್ಮೂರು ಇರ್ಲಾಕ ಸಾಧ್ಯ ಇಲ್ಲ ಅಂತದ, ಕಾಕಾ."

ನಿಂಗಣ್ಣ ಹೊರಗೆ ಬಸ್ ನಿಲ್ದಾಣದ ಕಡೆ ನೋಡಿದ. ಹುಮನಾಬಾದಿನ ಬಸ್ಸು ಮಂದಿಯನ್ನು ಇಳಿಸುತ್ತಿತ್ತು. "ಮತ್ತ ಇವ್ರೆಲ್ಲ ಎಲ್ಲಿ ಇಳೀಲಾಕತ್ತಾರ?" ಎಂದು ಕೇಳಿದ.

ಶಂಕ್ರಮ್ಮ ಸಹಾಯವಾಣಿಗೆ ಫೋನ್ ಮಾಡಿದಳು. ಎತ್ತಿದವನು ಆ ಆ್ಯಪ್ ಬರೆದವನೇ, ಮೌನೇಶ ಎಂಬವನು. ಕಂಪನಿ ಅಷ್ಟು ಸಣ್ಣದು.

"ಸರ್, ನಮ್ಮೂರ ಪಿನ್ ಹಾಕಿದ್ರ ತಗೋವಲ್ದು."

"ಪಿನ್ ತಪ್ಪಿರಬೇಕ್ರಿ, ಅಕ್ಕಾರ."

"ಮದಿವ್ಯಾಗಿ ಬಂದಾಗಿಂದ ಇದೇ ಪಿನ್ ಬರೀಲಾಕತ್ತೀನ್ರಿ."

"ಹಂಗಿದ್ರ ಮೊದಲಿಂದನ ತಪ್ಪಿರಬೇಕು." ಅವನು ಸ್ವಲ್ಪ ಯೋಚಿಸಿ ಹೇಳಿದ: "ಒಂದು ಕೆಲಸ ಮಾಡ್ರಿ. ಒಂದು ಎರಡು ಮೂರು ನಾಕು ಐದು ಆರು ಅಂತ ಹಾಕ್ರಿ. ಅದು ಖಂಡಿತ ಹೋಗತದ. ನಾನೂರು ಸಲ ಹಾಕಿ ನೋಡೀನಿ."

"ಅದು ಯಾವೂರಿನ ಪಿನ್ ರೀ?"

"ಯಾವೂರಿಂದೂ ಅಲ್ರಿ. ಟೆಸ್ಟಿಂಗ್‌ದು."

ಶಂಕ್ರಮ್ಮನ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಇಲ್ಲದ ಊರಿನ ವಿಳಾಸವನ್ನು ಅವಳು ಜನ್ಮದಲ್ಲಿ ಬರೆದಿರಲಿಲ್ಲ. ಆದರೆ ನಿಂಗಣ್ಣನ ಹಿಂದೆ ಆಗಲೇ ಹನ್ನೆರಡು ಮಂದಿ ಬೆಳೆಗಾರರು ಸಾಲು ಹಿಡಿದಿದ್ದರು, ತೋಟದಲ್ಲಿ ಕಾಯಿ ಹಣ್ಣಾಗುತ್ತಿತ್ತು. ಕಣ್ಣು ಮುಚ್ಚಿ ಒತ್ತಿದಳು. 123456. ಚೌಕ ಹಸಿರಾಯಿತು.

"ಆ ಊರಾಗ ನೀರು ಹ್ಯಾಂಗ ಅದಂತ?" ಎಂದು ಕೇಳಿ ನಿಂಗಣ್ಣ ಎದ್ದು ಹೋದ. ಮೂರು ದಿನದಲ್ಲಿ ಕಮಲಾಪುರದ ಅರವತ್ತೊಂದು ಮಂದಿ ಬೆಳೆಗಾರರು 123456ಕ್ಕೆ ಸೇರಿದರು. ಕೊನೆಯವನು ಅವಳ ಗಂಡ ಶಿವಲಿಂಗ. ಗಂಡನ ಅರ್ಜಿ ತುಂಬುವಾಗ ಅವಳಿಗೆ ಉಳಿದವರ ಅರ್ಜಿಗಿಂತ ಹೆಚ್ಚು ನಾಚಿಕೆಯಾಯಿತು.

ವಾರದೊಳಗೆ ಆರ್ಡರ್‌ಗಳು ಬಂದವು. ಅವು ಬಂದ ರೀತಿ ಮಾತ್ರ ವಿಚಿತ್ರವಾಗಿತ್ತು. ಹಣ್ಣು ಕೊಳ್ಳುವವರ ಪಿನ್ ಕೋಡನ್ನೂ ಆ್ಯಪ್ ಒಪ್ಪುತ್ತಿರಲಿಲ್ಲ. ಖಾಲಿ ಚೌಕದಲ್ಲಿ ಮಸುಕಾದ ಅಕ್ಷರದಲ್ಲಿ 'ಉದಾ: 123456' ಎಂದು ಬರೆದಿತ್ತು. ಬೇಸತ್ತ ಗಿರಾಕಿಗಳು ಅದನ್ನೇ ಹೊಡೆದು ಮುಂದೆ ಹೋಗಿದ್ದರು. ಹೀಗೆ ಮಾರುವವರೂ ಕೊಳ್ಳುವವರೂ ಒಂದೇ ಊರಿನವರಾದರು. ಪಿನ್ ಒಂದೇ ಎಂದು ಕಂಡ ಆ್ಯಪ್ ದೂರ ಲೆಕ್ಕ ಹಾಕಿತು: ಸೊನ್ನೆ ಕಿಲೋಮೀಟರ್. ಕೊರಿಯರ್ ಬೇಡವೆಂದು ತೀರ್ಮಾನಿಸಿ, ಅರ್ಧ ತಾಸಿನಲ್ಲಿ ಹಣ್ಣು ಮನೆಗೆ ಬರುತ್ತದೆಂದು ಗಿರಾಕಿಗಳಿಗೆ ಮಾತು ಕೊಟ್ಟಿತು.

ಆ ಮಾತು ಉಳಿಸುವ ಕೆಲಸ ಮಾಳಿಂಗನಿಗೆ ಬಿತ್ತು. ಮಾಳಿಂಗ ಊರಿನಲ್ಲಿ ಲಗೇಜ್ ಆಟೋ ಓಡಿಸುವವನು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವನು. ಅವನ ಫೋನಿನಲ್ಲಿ ಗಿರಾಕಿಯ ಹೆಸರು, ಓಣಿ, ಗುರುತು ಬರುತ್ತಿದ್ದವು. ಪಿನ್ ಕೋಡ್ ಇದ್ದ ಮೇಲೆ ಊರಿನ ಹೆಸರು ಯಾಕೆಂದು ಆ್ಯಪ್ ಅದನ್ನು ಕೇಳುತ್ತಲೇ ಇರಲಿಲ್ಲ. ಹಾಗಾಗಿ ಆ ಜಾಗ ಖಾಲಿ ಇರುತ್ತಿತ್ತು.

ಮೊದಲ ಪೆಟ್ಟಿಗೆಯ ಮೇಲೆ 'ಪ್ರೀತಿ, ಸರಕಾರಿ ಶಾಲೆ ಹಿಂಭಾಗ' ಎಂದಿತ್ತು. ಕಮಲಾಪುರದ ಸರಕಾರಿ ಶಾಲೆಯ ಹಿಂದೆ ಅಲ್ಲೇ ಪಾಠ ಹೇಳುವ ಪ್ರೀತಿ ಎಂಬ ಅಕ್ಕೋರು ಇದ್ದರು. ಮಾಳಿಂಗ ಪೆಟ್ಟಿಗೆ ಕೊಟ್ಟ, ಅವರು ತಗೊಂಡರು. ಯಾವುದೋ ಪಾಲಕರು ಕಳಿಸಿರಬೇಕೆಂದು ಮಕ್ಕಳಿಗೆಲ್ಲ ಹಂಚಿದರು. ಹಣ್ಣು ತರಿಸಿದ ಪ್ರೀತಿ ಶಿವಮೊಗ್ಗದಲ್ಲಿ ಬಾಗಿಲು ತೆಗೆದು ಕಾಯುತ್ತಿದ್ದಳು.

ಎರಡನೆಯ ಪೆಟ್ಟಿಗೆಯ ಮೇಲೆ 'ಹನುಮಂತ ದೇವರ ಗುಡಿ ಎದುರು' ಎಂದಿತ್ತು. ಮಾಳಿಂಗ ಗುಡಿಯ ಮುಂದೆ ಆಟೋ ನಿಲ್ಲಿಸಿ ಗಿರಾಕಿಗೆ ಫೋನ್ ಹಚ್ಚಿದ. ಆ ಮಾತುಕತೆಯನ್ನು ಶಂಕ್ರಮ್ಮ ಪೂರ್ತಿ ಕೇಳಿದಳು. ತರಕಾರಿಗೆಂದು ಹೊರಟವಳು ಅಲ್ಲೇ ನಿಂತಿದ್ದಳು.

"ಗುಡಿ ಮುಂದ ನಿಂತೀನ್ರಿ. ಹೊರಗ ಬರ್ರಿ."

"ನಾನೂ ಗುಡಿ ಮುಂದನ ಅದೀನ್ರಿ. ನೀವೆಲ್ಲಿ?"

"ಕಟ್ಟಿ ಹತ್ರ. ಖಾಕಿ ಅಂಗಿ."

"ಕಟ್ಟಿ ಮ್ಯಾಲೆ ನಾ ಕುಂತೀನಿ. ನೀವು ಕಾಣವಲ್ರಿ."

ಮಾಳಿಂಗ ಕಟ್ಟೆಯನ್ನು ನೋಡಿದ. ಅಲ್ಲಿ ಒಂದು ಆಡು ಮಲಗಿತ್ತು. ಅವನು ಗುಡಿಯನ್ನು ಒಂದು ಸುತ್ತು ಹಾಕಿದ. "ಬಲಕ್ಕ ಬರ್ರಿ" ಎಂದಿತು ಫೋನು. ಬಲಕ್ಕೆ ಹೋದ. "ನಾ ಈಗ ಕೈ ಮ್ಯಾಲೆ ಮಾಡೀನಿ, ಕಾಣತದೇನು?" ಎಂದ ಮಾಳಿಂಗ, ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಹಿಡಿದು. "ನಾನೂ ಕೈ ಮಾಡೀನ್ರಿ" ಎಂದಿತು ಆ ಕಡೆಯ ದನಿ, ಅಳು ಬರುವಂತೆ. ಇಬ್ಬರೂ ಒಂದೇ ದೇವರ ಮುಂದೆ ಕೈಯೆತ್ತಿ ನಿಂತಿದ್ದರು, ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

ಮಾಳಿಂಗ ಪೆಟ್ಟಿಗೆ ಕೆಳಗಿಟ್ಟ. "ಅಕ್ಕಾ, ಇದು ಮನಷ್ಯಾರ ದನಿ ಹೌದಿಲ್ಲ ನೋಡು" ಎಂದು ಫೋನನ್ನು ಶಂಕ್ರಮ್ಮನ ಕೈಗೆ ತುರುಕಿದ.

"ಅಣ್ಣಾರ, ನಿಮ್ಮ ಗುಡಿ ಯಾವ ಊರಾಗ ಅದ?" ಎಂದು ಕೇಳಿದಳು ಶಂಕ್ರಮ್ಮ.

"ಗದಗದಾಗ್ರಿ."

ಅವಳು ಆಡಿನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಆ ಪೆಟ್ಟಿಗೆಯ ಹಣ್ಣು ಅವಳ ತೋಟದ್ದೇ. ಆ ವಿಳಾಸದ ಮೋಸವೂ ಅವಳ ಬೆರಳಿನದೇ. ತಾನು ತುಂಬಿದ ಅರ್ಜಿಯಿಂದ ಒಬ್ಬ ಮನುಷ್ಯ ಗದಗಿನಲ್ಲಿ ಬಿಸಿಲಿಗೆ ಕೈಯೆತ್ತಿ ನಿಂತಿದ್ದಾನೆ ಎಂಬುದು ಅವಳಿಗೆ ತಡೆಯಲಾಗಲಿಲ್ಲ. "ಮನಿಗಿ ಹೋಗ್ರಿ, ಅಣ್ಣಾರ. ನಾ ನೋಡ್ತೀನಿ" ಎಂದಳು.

ಮರುದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತಳು. ಮದುವೆ ಕಾರ್ಡು, ಹಳೇ ಪಾರ್ಸಲ್ ಚೀಟಿ, ಕ್ಯಾಲೆಂಡರಿನ ತುದಿ, ಎಲ್ಲೆಲ್ಲಿ ಪಿನ್ ಕೋಡ್ ಕಂಡವೋ ಅವನ್ನೆಲ್ಲ ಒಂದೊಂದಾಗಿ ಆ ಚೌಕಕ್ಕೆ ಹಾಕಿದಳು. ನೋಟ್‌ಬುಕ್ಕಿನಲ್ಲಿ 'ಒಲ್ಲೆ ಅಂತು' ಎಂಬ ಸಾಲು ಉದ್ದವಾಗುತ್ತ ಹೋಯಿತು. ಕಲಬುರಗಿ ಒಲ್ಲೆ. ಬೀದರ್ ಒಲ್ಲೆ. ರಾಯಚೂರು, ವಿಜಯಪುರ, ಧಾರವಾಡ ಒಲ್ಲೆ. ಬರೀ ನಮ್ಮ ಸೀಮೆಯ ಮೇಲೆ ಸಿಟ್ಟೇನೋ ಎಂದುಕೊಂಡು ಬೆಂಗಳೂರು ಹಾಕಿದಳು. ಒಲ್ಲೆ. ಮುಂಬಯಿಯೂ ಒಲ್ಲೆ. ಒಂದು ಎಂಬ ಅಂಕಿಯ ಮೇಲೆ ಸಿಟ್ಟೋ, ಸೊನ್ನೆಯ ಮೇಲೋ ಎಂದು ತಲೆ ಕೆರೆದುಕೊಳ್ಳುವಾಗ ನಾದಿನಿ ಹೊಸಪೇಟೆಯಿಂದ ಕಳಿಸಿದ ಒಂದು ಕವರು ಕೈಗೆ ಸಿಕ್ಕಿತು. 583201. ಚೌಕ ಹಸಿರಾಯಿತು.

ಅದರಲ್ಲಿ ಒಂದೂ ಇತ್ತು, ಸೊನ್ನೆಯೂ ಇತ್ತು. ಮತ್ತೆ ಹೊಸಪೇಟೆಯಲ್ಲಿ ಏನಿದೆ, ಉಳಿದ ಇಡೀ ದೇಶದಲ್ಲಿ ಇಲ್ಲದ್ದು? ಅವಳು ಅದನ್ನೇ ನೋಡುತ್ತ ಕುಳಿತಳು. ಐದು, ಎಂಟು, ಮೂರು, ಎರಡು, ಸೊನ್ನೆ, ಒಂದು. ಆಮೇಲೆ ತನ್ನೂರಿನದನ್ನು ನೋಡಿದಳು. ಐದು, ಎಂಟು, ಐದು...

ಐದು ಎರಡು ಸಲ ಬಂದಿತ್ತು. ಮೂರೂ ಎರಡು ಸಲ.

987654 ಎಂದು ಒತ್ತಿದಳು. ಹಸಿರು. 987659 ಒತ್ತಿದಳು. ಕೆಂಪು. ಒಂದು ಅಂಕಿ ಎರಡನೇ ಸಲ ಬಂದರೆ ಆ್ಯಪಿನ ಕಣ್ಣಿಗೆ ಆ ಊರು ಇಲ್ಲವೇ ಇಲ್ಲ. ಶಂಕ್ರಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಪಕ್ಕದ ಪಂಚರ್ ಅಂಗಡಿಯ ಜಹಾಂಗೀರನನ್ನು ಕರೆದು ತೋರಿಸಿದಳು. ಅವನು ಗಂಭೀರವಾಗಿ ನೋಡಿ, "ನಮ್ ಗಾಡಿ ನಂಬರದಾಗೂ ಎರಡು ಏಳು ಅವ, ಅಕ್ಕಾ. ಹೊರಗ ತಗೀಲೋ ಬ್ಯಾಡೋ?" ಎಂದ.

ಗುರುವಾರ ಅವಳು ಬಸ್ ಹಿಡಿದು ಕಲಬುರಗಿಗೆ ಹೋದಳು. ಕಂಪನಿ ಜಗತ್ ವೃತ್ತದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಳಗೆ ಮೂರು ಕಂಪ್ಯೂಟರು, ಇಬ್ಬರು ಮನುಷ್ಯರು. ಮೌನೇಶ ಮೂವತ್ತೈದರ ಸಣಕಲ ಆಳು. ಮಾಲೀಕ ಮಕ್ಸೂದ್ ಐವತ್ತು ದಾಟಿದವರು, ಮೊದಲು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದವರು. ಚಹಾ ತರಿಸಿ ಕೂಡಿಸಿದರು.

ಅವಳು ನೋಟ್‌ಬುಕ್ ತೆರೆದಿಟ್ಟಳು. ಮೌನೇಶ ಓದುತ್ತ ಹೋದಂತೆ ಅವನ ಕುತ್ತಿಗೆ ಉದ್ದವಾಯಿತು.

"ಹಂಗ ಆಗಂಗಿಲ್ರಿ. ನನ್ನ ರೆಗೆಕ್ಸ್ ಬರೋಬ್ಬರಿ ಅದ."

"ರೆಗೆಕ್ಸ್ ಅಂದ್ರ?"

"ಅಕ್ಷರದ ಜರಡಿ ಇದ್ದಂಗ್ರಿ. ಎಂಥಾ ಬರಹ ಒಳಗ ಬಿಡಬೇಕು, ಎಂಥಾದು ಬಿಡಬಾರದು ಅಂತ ಒಂದು ಸಾಲಿನ್ಯಾಗ ಬರದಿಡೂದು." ಅವನು ಪರದೆಯ ಮೇಲೆ ಒಂದು ಸಾಲು ತೋರಿಸಿದ. ಆವರಣ ಚಿಹ್ನೆ, ಓರೆಗೆರೆ, ಒಂದು ಚುಕ್ಕೆ, ಒಂದು ನಕ್ಷತ್ರ, ಮತ್ತೊಂದು ಓರೆಗೆರೆ. "ಮಂದಿ ಸುಮ್ ಸುಮ್ಮನ ಆರು ಸಲ ಒಂದು, ಆರು ಸಲ ಎರಡು ಅಂತ ಹೊಡೀತಾರ. ಅಂಥ ಖೊಟ್ಟಿ ಪಿನ್ ತಡೀಲಾಕ ಇದು. ಇಲ್ಲಿ ಬಂದ ಅಂಕಿ ಮತ್ತ ಬಂದ್ರ, ಹೊರಗ."

"ಈ ಚುಕ್ಕಿ, ನಕ್ಷತ್ರ ಯಾಕ?"

"ನಡುವ ಏನರೇ ಇರಲಿ, ಎಷ್ಟರೇ ಇರಲಿ ಅಂತ್ರಿ." ಹೇಳುತ್ತಲೇ ಅವನ ದನಿ ಕುಗ್ಗಿತು.

"ನಿಮ್ಮ ಆಫೀಸಿನ ಪಿನ್ ಹಾಕಿ ನೋಡ್ರಿ, ತಮ್ಮಾ" ಎಂದಳು ಶಂಕ್ರಮ್ಮ ಮೆತ್ತಗೆ.

ಮೌನೇಶ 585101 ಎಂದು ಒತ್ತಿದ. ಇಂಥ ಪಿನ್ ಕೋಡ್ ಇರಲು ಸಾಧ್ಯವಿಲ್ಲ.

ಮಕ್ಸೂದ್ ಕನ್ನಡಕ ಏರಿಸಿ ಹತ್ತಿರ ಬಂದರು. "ಮೌನೇಶ, ನಾವ್ ಎಲ್ಲಿ ಕುಂತೀವಿ?"

"ಜಗತ್‌ದಾಗ, ಸರ್."

"ಆ್ಯಪ್ ಏನಂತದ?"

"ನಾವ್ ಇಲ್ಲ ಅಂತದ, ಸರ್."

ಮಕ್ಸೂದ್ ಕಿಟಕಿಯಿಂದ ಹೊರಗೆ ನೋಡಿದರು. ಕೆಳಗೆ ಆಟೋಗಳು ಒದರಾಡುತ್ತಿದ್ದವು. ಅವು ಇರುವುದು ಖಚಿತವಾದ ಮೇಲೆ ತಿರುಗಿ, ತುಂಬ ಹೊತ್ತು ವಿಚಾರ ಮಾಡಿದವರಂತೆ ಹೇಳಿದರು: "ಅಕ್ಕಾರ, ನೀವು ಅರ್ಜಿ ಛಲೋ ಬರೀತೀರಂತ. ಆ್ಯಪ್ ಬದಲಿ ಮಾಡೂದು ಭಾಳ ತ್ರಾಸ್. ಪೋಸ್ಟಿನವ್ರಿಗೆ ಒಂದು ಅರ್ಜಿ ಬರೀರಿ. ನಮ್ಮ ಜಿಲ್ಲಾದ ಪಿನ್ನದಾಗಿಂದ ಒಂದು ಐದು ಕಡಿಮಿ ಮಾಡ್ರಂತ."

"ಬರೀತೀನ್ರಿ, ಅದಕ್ಕೇನು. ಅರ್ಜಿ ಕೆಳಗ ನಿಮ್ಮ ವಿಳಾಸ ಬೇಕಲ್ರಿ, ಪಿನ್ ಏನ್ ಹಾಕ್ಲಿ?"

ಮಕ್ಸೂದ್ ಮೌನೇಶನ ಕಡೆ ತಿರುಗಿದರು. "ಮೌನೇಶ, ಆ್ಯಪ್ ಬದಲಿ ಮಾಡು" ಎಂದರು.

ಮೌನೇಶ ಚುಕ್ಕೆಯನ್ನೂ ನಕ್ಷತ್ರವನ್ನೂ ಅಳಿಸಿದ. ಒಂದೇ ಅಂಕಿ ಪಕ್ಕಪಕ್ಕದಲ್ಲಿ ಎರಡು ಸಲ ಬಂದರೆ ಮಾತ್ರ ತಡೆಯುವಂತಾಯಿತು. ಕಮಲಾಪುರ ಹಾಕಿದರು, ಹಸಿರಾಯಿತು. ಶಂಕ್ರಮ್ಮ ಅಷ್ಟಕ್ಕೇ ಬಿಡಲಿಲ್ಲ. "ಬೆಂಗಳೂರು ಹಾಕ್ರಿ" ಎಂದಳು. 560001. ಕೆಂಪು. ಹೈದರಾಬಾದ್ 500001. ಕೆಂಪು. ಮುಂಬಯಿ 400001. ಕೆಂಪು. ಸೊನ್ನೆಗಳು ಜೋಡಿ ಜೋಡಿಯಾಗಿ ನಿಂತಿದ್ದವು.

"ಈಗ ನಾವಂತೂ ಅದೀವಿ. ಹಣ್ಣು ತಿನ್ನೋರು ಇಲ್ಲ" ಎಂದಳು.

ಮೌನೇಶ ಮೇಜಿನ ಮೇಲೆ ತಲೆಯಿಟ್ಟ. ಶಂಕ್ರಮ್ಮ ಕುರ್ಚಿ ಮುಂದೆ ಎಳೆದುಕೊಂಡು, ತಂದೆ ಅರ್ಜಿ ಹೇಳಿ ಬರೆಸುತ್ತಿದ್ದ ದನಿಯಲ್ಲಿ ಶುರುಮಾಡಿದಳು: "ಬರ್ಕೋರಿ, ತಮ್ಮಾ. ಒಟ್ಟ ಆರು ಇರಬೇಕು. ಆರೂ ಅಂಕಿನ ಇರಬೇಕು. ಮೊದಲನೇದು ಸೊನ್ನೆ ಇರಬಾರದು. ಮೂರು ಅಂಕಿ ಬರದು ಒಂದು ಸಂದು ಬಿಟ್ಟು ಮತ್ತ ಮೂರು ಬರಿಯೋ ಮಂದಿ ಅದಾರ, ಅವ್ರನ್ನ ಹೊರಗ ಹಾಕಬ್ಯಾಡ್ರಿ. ಆರಕ್ಕ ಆರೂ ಒಂದೇ ಇದ್ರ ಮಾತ್ರ ಹೊರಗ. ಮುಗೀತು."

ಅವನು ಬರೆದ. ಅವಳ ನೋಟ್‌ಬುಕ್ಕಿನ ಊರುಗಳೆಲ್ಲ ಒಂದಾದಮೇಲೊಂದು ಹಸಿರಾದವು. ಕೊನೆಗೆ ಅವಳು 987654 ಹಾಕಿಸಿದಳು. ಅದೂ ಹಸಿರಾಯಿತು.

"ಈ ಊರು ಎಲ್ಲದ?"

"ಎಲ್ಲೂ ಇಲ್ರಿ. ರೆಗೆಕ್ಸ್ ಪಿನ್ನಿನ ಆಕಾರ ನೋಡತದ. ಊರು ಅದನೋ ಇಲ್ಲೋ ಅದಕ್ಕೇನು ಗೊತ್ತು? ಅದಕ್ಕ ಅಂಚಿಯವ್ರ ಪಟ್ಟಿ ಬೇಕು."

"ಹಂಗಿದ್ರ ಪಟ್ಟಿ ತರ್ರಿ. ಇಲ್ಲದೂರಿಗಿ ಹಣ್ಣು ಕಳಸಿ ಸಾಕಾಗ್ಯದ ನಮಗ."

ಪಟ್ಟಿ ಬಂತು. ಪಟ್ಟಿ ಬಂದ ಮೇಲೆ ಹೊಸ ಫಜೀತಿ. ಗಿರಾಕಿಗಳು ಆರ್ಡರಿಗೊಮ್ಮೆ ಹೊಸದಾಗಿ ಪಿನ್ ಹಾಕುವವರು, ಅವರ ಚಿಂತೆ ಇರಲಿಲ್ಲ; ಅರವತ್ತೊಂದು ಮಂದಿ ಬೆಳೆಗಾರರ ಪಿನ್ ಸರಿ ಮಾಡಬೇಕಿತ್ತು. ಆದರೆ ಅವರ ಖಾತೆ ತೆರೆಯಲು ಹೋದರೆ, 123456 ಪಟ್ಟಿಯಲ್ಲಿ ಇಲ್ಲವೆಂದು ಆ್ಯಪ್ ಬಾಗಿಲೇ ತೆಗೆಯಲಿಲ್ಲ. 'ಪಿನ್ ಬದಲಿಸುವ ಮೊದಲು ಸರಿಯಾದ ಪಿನ್ ಇರಲಿ' ಎಂದಿತು. ಮೌನೇಶ ಎರಡು ದಿನ ಒದ್ದಾಡಿ ಶಂಕ್ರಮ್ಮನಿಗೆ ಫೋನ್ ಮಾಡಿದ. ಒಂದು ದಿನದ ಮಟ್ಟಿಗೆ 123456 ಅನ್ನು ಪಟ್ಟಿಗೆ ಸೇರಿಸಿ, ಮಂದಿಯನ್ನು ಹೊರಗೆ ತೆಗೆದು, ಮತ್ತೆ ಅಳಿಸಬೇಕು. ಆದರೆ ಪಟ್ಟಿಯಲ್ಲಿ ಊರಿನ ಹೆಸರಿನ ಜಾಗ ಖಾಲಿ ಬಿಡುವಂತಿಲ್ಲ.

"ಏನರೇ ಒಂದು ಹೆಸರು ಹೇಳ್ರಿ, ಅಕ್ಕಾರ."

"ಸದ್ಯಕ್ಕಷ್ಟೇ ಅಲ್ರಿ? ಸದ್ಯಾಪುರ ಅಂತ ಇಡ್ರಿ."

ಹೀಗೆ ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಆ ಆ್ಯಪಿನೊಳಗೆ ಸದ್ಯಾಪುರ ಎಂಬ ಊರು ಹುಟ್ಟಿತು. ಸಂಜೆ ಐದಕ್ಕೆ ಅದನ್ನು ಅಳಿಸುವುದೆಂದು ತೀರ್ಮಾನವಾಗಿತ್ತು. ಶಂಕ್ರಮ್ಮ ಅಂಗಡಿಯಲ್ಲಿ ಕುಳಿತು ಒಂದೊಂದೇ ಮನೆಯವರನ್ನು ಕರೆದು ಕಮಲಾಪುರಕ್ಕೆ ದಾಟಿಸತೊಡಗಿದಳು. ಎಲ್ಲರೂ ಒಪ್ಪಿ ಬರಲಿಲ್ಲ. ಒಬ್ಬ ತನ್ನ ಗೃಹಪ್ರವೇಶದ ಕಾರ್ಡಿನ ಮೇಲೆ ಆಗಲೇ 123456 ಅಚ್ಚು ಹಾಕಿಸಿದ್ದ. ಮತ್ತೊಬ್ಬನಿಗೆ ಅಲ್ಲಿ ಎಲ್ಲ ಗಿರಾಕಿಗಳೂ ಸೊನ್ನೆ ಕಿಲೋಮೀಟರಿನಲ್ಲಿರುವುದು ಅನುಕೂಲವೆನಿಸಿತ್ತು. ನಿಂಗಣ್ಣ ನಾಲ್ಕು ಗಂಟೆಯಾದರೂ ಬರಲಿಲ್ಲ. ಮಾಳಿಂಗ ಆಟೋದಲ್ಲಿ ಹೋಗಿ ತೋಟದಿಂದ ಕರೆತಂದ.

"ಕಾಕಾ, ಇನ್ನೊಂದು ತಾಸಿಗಿ ಆ ಊರು ಇರಂಗಿಲ್ಲ" ಎಂದಳು ಶಂಕ್ರಮ್ಮ.

"ಇರಲಿ ಬಿಡವಾ. ಅಲ್ಲಿ ಯಾರೂ ಯಾರ್ಗೂ ತ್ರಾಸ್ ಕೊಡ್ತಿರಲಿಲ್ಲ" ಎಂದು ನಿಂಗಣ್ಣ ಹೆಬ್ಬೆರಳು ಮುಂದೆ ಚಾಚಿದ. ಆನ್‌ಲೈನ್ ಅರ್ಜಿಗೆ ಹೆಬ್ಬೆಟ್ಟು ಬೇಕಿರಲಿಲ್ಲ. ಆದರೂ ಅವನ ಸಮಾಧಾನಕ್ಕೆಂದು ಅವಳು ಒಂದು ಹಾಳೆಯ ಮೇಲೆ ಒತ್ತಿಸಿಕೊಂಡಳು.

ಐದಕ್ಕೆ ಐದು ನಿಮಿಷವಿರುವಾಗ ಕೊನೆಯ ಹೆಸರು ಉಳಿದಿತ್ತು. ಶಿವಲಿಂಗನದು. ಪರದೆಯ ಮೇಲೆ ಸದ್ಯಾಪುರದ ಜನಸಂಖ್ಯೆ ಒಂದು ಎಂದು ತೋರಿಸುತ್ತಿತ್ತು. ಅವಳಿಗೆ ಯಾಕೋ ತುಸು ಸಂಕಟವಾಯಿತು. ಒಬ್ಬನೇ ಅಷ್ಟು ದೊಡ್ಡ ಊರಿನಲ್ಲಿ! ಬೇಗ ಬೇಗ ಗಂಡನನ್ನು ಹೊರಗೆ ತೆಗೆದು, ಮೌನೇಶನಿಗೆ ಫೋನ್ ಮಾಡಿ "ಎಲ್ಲಾರೂ ಬಂದಾರ, ಅಳಸ್ರಿ" ಎಂದಳು.

ಗದಗಿನವರಿಗೆ ಅವಳೇ ಹಣ್ಣು ಆರಿಸಿ ಎರಡು ಪೆಟ್ಟಿಗೆ ಕಳಿಸಿದಳು. ನಾಲ್ಕನೇ ದಿನಕ್ಕೆ ಮುಟ್ಟಿದವು. ಅವರು ಫೋನ್ ಮಾಡಿ, ಹಣ್ಣಿನ ರುಚಿಯ ಬಗ್ಗೆ ಒಂದು ಮಾತು, ಅವತ್ತು ಗುಡಿಯ ಮುಂದೆ ಮಂದಿ ತನ್ನನ್ನು ಹೇಗೆ ನೋಡಿದರೆಂಬ ಬಗ್ಗೆ ಹತ್ತು ಮಾತು ಆಡಿದರು. ಎಲ್ಲವನ್ನೂ ಕೇಳಿಸಿಕೊಂಡಳು. ಕೇಳಿಸಿಕೊಳ್ಳುವುದು ತನ್ನ ಬಾಕಿ ಎನಿಸಿತ್ತು.

ಈಗ ಅವಳು ಗುರುವಾರಕ್ಕೊಮ್ಮೆ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಜಗತ್‌ಗೆ ಹೋಗುತ್ತಾಳೆ. ಮೌನೇಶ ಹೊಸದಾಗಿ ಬರೆದ ಯಾವ ಚೌಕವೂ ಅವಳ ಕೈ ದಾಟದೆ ಹೊರಗೆ ಹೋಗುವಂತಿಲ್ಲ ಎಂದು ಮಕ್ಸೂದ್ ಹೇಳಿದ್ದಾರೆ. ಅಲ್ಲಿ ಏನು ಕೆಲಸ ಎಂದು ಶಿವಲಿಂಗ ಕೇಳಿದಾಗ "ತಪ್ಪು ಹುಡಕೂದು" ಎಂದಿದ್ದಳು. "ಅದಕ್ಕ ಕಲಬುರ್ಗಿ ತನಾ ಯಾಕ ಹೋಗಬೇಕು?" ಎಂದು ಅವನಿಗೆ ಇನ್ನೂ ಅರ್ಥವಾಗಿಲ್ಲ.

ಮೊನ್ನೆಯ ಗುರುವಾರ ಹೆಸರಿನ ಚೌಕದ ಪಾಳಿ. ಖೊಟ್ಟಿ ಹೆಸರು ತಡೆಯಲು ಕನಿಷ್ಠ ನಾಲ್ಕು ಅಕ್ಷರ ಇರಲೇಬೇಕು ಎಂದು ಮೌನೇಶ ಬರೆದಿದ್ದ. ಶಂಕ್ರಮ್ಮ ನೋಟ್‌ಬುಕ್ ತೆರೆದು, ತನಗೆ ಗೊತ್ತಿರುವ ಪ್ರೀತಿ, ಸೃಷ್ಟಿ, ಉಮಾ, ರಮಾ ಎಂಬ ಹೆಣ್ಣುಮಕ್ಕಳ ಹೆಸರನ್ನೆಲ್ಲ ಒಂದರ ಕೆಳಗೊಂದು ಬರೆಯತೊಡಗಿದಳು. ಮೌನೇಶ ಎದ್ದು, ಕೆಳಗೆ ಹೋಗಿ ಎರಡು ಚಹಾ ಹೇಳಿ ಬಂದ.